ಎಂಟನೆಯ ಬಿಲ್ಲೆ

ಹಿತ್ತಾಳೆಗೊಂದು ವಾಸನೆ ಇದೆ. ಅಂಗಡಿಯಲ್ಲಿ ಕೊಡ, ತಂಬಿಗೆಗಳನ್ನು ಸಾಲಾಗಿ ಪೇರಿಸಿಟ್ಟಾಗ ಅದು ಗೊತ್ತಾಗುವುದಿಲ್ಲ. ಬೆವರಿದ ಅಂಗೈಯಲ್ಲಿ ಮುಚ್ಚಿ ಹಿಡಿದು ಸ್ವಲ್ಪ ಹೊತ್ತು ಕೂತರೆ ಬರುತ್ತದೆ. ಹುಣಸೆಯ ಹುಳಿಯೂ ಅಲ್ಲ, ಗಾಯದ ರಕ್ತವೂ ಅಲ್ಲ, ಎರಡರ ನಡುವಿನದು.

ಹೋದ ವಾರ ಮಸ್ಕಿಗೆ ಹೋಗಿದ್ದೆ. ಅಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮೌಲಾಸಾಬ್ ಇದ್ದಾರೆ. ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಕೂತು, ರೂಪಾಯಿಯಷ್ಟಗಲದ ಒಂದು ಹಿತ್ತಾಳೆ ಬಿಲ್ಲೆಯ ಮೇಲೆ ಒಂಬತ್ತು ಎಂದು ಕೊರೆದುಕೊಡಿ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಈ ಸಲಾನೂ ಒಂಬತ್ತೇ ಹಾಕ್ಲೇನ್ರೀ ಅಮ್ಮಾರ?” ಎಂದರು. ವಯಸ್ಸಾದವರು, ಯಾರನ್ನೋ ಯಾರೋ ಅಂದುಕೊಂಡಿರಬೇಕು ಎಂದುಕೊಂಡು ಹ್ಞೂಂ ಅಂದೆ. ಸಿಂಧನೂರಿನ ಬಸ್ಸು ಹತ್ತಿ, ಬಿಲ್ಲೆಯನ್ನು ಅಂಗೈಯಲ್ಲೇ ಮುಚ್ಚಿಕೊಂಡು ಕಿಟಕಿಗೆ ತಲೆ ಆನಿಸಿದೆ. ಊರ ಹತ್ತಿರ ಬಂದಾಗ ಕೈ ಮೂಸಿದೆ. ಆ ವಾಸನೆ. ಅದರ ಹಿಂದೆಯೇ ನಾವು ಈ ಊರಿಗೆ ಬಂದ ವರ್ಷದ ಭತ್ತದ ಹಂಗಾಮು, ನೀರು ಬಿಟ್ಟ ದಿನದಿಂದ ಕಟಾವಿನ ದಿನದವರೆಗೆ, ಇಡಿಯಾಗಿ ಬಂದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿತು.

ನಮ್ಮವರು ಹಟ್ಟಿಯ ಚಿನ್ನದ ಗಣಿಯಲ್ಲಿ ಬಿಲ್ಲೆ ಕಿಟಕಿಯ ಹಿಂದೆ ಕೂತವರು. ಪಾಳಿಗೆ ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರು ಇರುವ ಒಂದು ಬಿಲ್ಲೆ. ಇಳಿಯುವಾಗ ಒಯ್ಯಬೇಕು, ಮೇಲೆ ಬಂದು ಕಿಟಕಿಯಲ್ಲಿ ಕೊಡಬೇಕು. ಇವರು ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು. ಮೊಳೆ ಬರಿದಾಗಿದ್ದರೆ ಆ ಮನುಷ್ಯ ಇನ್ನೂ ನೆಲದ ಕೆಳಗಿದ್ದಾನೆ ಎಂದು ಅರ್ಥ. ಅಷ್ಟೇ ಕೆಲಸ. ಇಡೀ ಸರ್ವಿಸ್‌ನಲ್ಲಿ ಒಂದು ಬಿಲ್ಲೆಯೂ ಅವರ ಕೈಯಲ್ಲಿ ತಪ್ಪಲಿಲ್ಲ. ಪಾಳಿ ಮುಗಿದು ಹಲಗೆ ತುಂಬುವ ತನಕ ಅವರು ಬುತ್ತಿ ಬಿಚ್ಚುತ್ತಿರಲಿಲ್ಲ. ನಾನು ಅದೇ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮದುವೆಯಾದ ದಿನದಿಂದ ನನ್ನನ್ನು ಟೀಚರಮ್ಮ ಎಂದೇ ಕರೆದರು.

ರಿಟೈರ್ ಆದ ಮೇಲೆ ಲಿಂಗಸುಗೂರಿನಲ್ಲಿದ್ದೆವು. ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ನೆರೆಯವರ ಹೆಸರು, ಆಮೇಲೆ ಓಣಿ. ಅವರ ತಮ್ಮನ ಮಗಳು ಶಶಿ ಸಿಂಧನೂರಿನಲ್ಲಿ ಹೈಸ್ಕೂಲ್ ಟೀಚರ್. ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಬನ್ನಿ ಎಂದು ಹಟ ಹಿಡಿದು ನಮ್ಮನ್ನು ತನ್ನ ಮನೆಯ ಕೆಳಗಿನ ಭಾಗಕ್ಕೆ ಕರೆತಂದಳು. ಊರಂಚಿನ ಬಡಾವಣೆ. ಹಿತ್ತಲ ಗೋಡೆಯ ಆಚೆ ಭತ್ತದ ಗದ್ದೆ, ಅದರಾಚೆ ಕಾಲುವೆ.

ನಾವು ಬಂದ ಕೆಲವು ದಿನಕ್ಕೇ ಕಾಲುವೆಗೆ ನೀರು ಬಿಟ್ಟರು. ಒಂದು ಬೆಳಗ್ಗೆ ಎದ್ದು ನೋಡಿದರೆ ಗದ್ದೆಯೇ ಇಲ್ಲ. ಹಿತ್ತಲ ಗೋಡೆಗೆ ತಾಗಿಕೊಂಡು ಇನ್ನೊಂದು ಆಕಾಶ ಬಿದ್ದಿತ್ತು. ನಾಟಿಗೆ ಬಂದ ಹೆಂಗಸರು ಬಾಗಿ ನಿಂತಿದ್ದರು. ಅವರ ಕಾಲ ಕೆಳಗೆ ಅಷ್ಟೇ ಜನ ಹೆಂಗಸರು, ತಲೆ ಕೆಳಗಾಗಿ, ಅವರ ಕೈಗೆ ಕೈ ಕೊಡುತ್ತಿದ್ದಂತೆ. ನಮ್ಮವರು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದರು.

“ತಳಗ ಮಂದಿ ಅದಾರ,” ಎಂದರು. ನಂತರ ನನ್ನ ಕಡೆ ತಿರುಗಿ, “ಯಾಳೆ ಎಷ್ಟಾತು?” ಎಂದರು.

ಅದೇ ಪ್ರಶ್ನೆ ಅಂದಿನಿಂದ ದಿನವಿಡೀ. ಹತ್ತು ಗಂಟೆ ಎಂದರೆ ಹ್ಞೂಂ ಎನ್ನುವರು, ನಾನು ಒಲೆಯ ಕಡೆ ತಿರುಗುವಷ್ಟರಲ್ಲಿ ಮತ್ತೆ ಕೇಳುವರು. ಅವರ ಕುರ್ಚಿಯ ಎದುರಿಗೇ ದೊಡ್ಡ ಗೋಡೆ ಗಡಿಯಾರ ಹಾಕಿಸಿದೆ. ಅದನ್ನು ನೋಡುತ್ತಲೇ ಕೇಳುವರು. ನನ್ನ ಟೆಂಪರ್ ಮೊದಲಿನಿಂದಲೂ ಕೆಟ್ಟದು. ಸಿಟ್ಟು ಬಂದರೆ ಬಾಯಿಗೆ ಇಂಗ್ಲಿಷ್ ಬರುತ್ತದೆ, ಬಲಗೈ ತಾನಾಗಿ ಮುಷ್ಟಿಯಾಗುತ್ತದೆ. “ಹೌ ಮೆನಿ ಟೈಮ್ಸ್?” ಎಂದು ನಾನು ಕೂಗುವುದು ಮೇಲಿನ ಮನೆಗೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅನ್ನ ಬಡಿಸುತ್ತಿದ್ದೆ. ಅವರು ಮತ್ತೆ ಕೇಳಿದರು. ಕೈಯಲ್ಲಿದ್ದ ಮರದ ಸೌಟಿನಿಂದ ಅವರ ಬೆರಳ ಗೆಣ್ಣಿನ ಮೇಲೆ ಹೊಡೆದುಬಿಟ್ಟೆ.

ಅವರು ಅಳಲಿಲ್ಲ, ಬೈಯಲಿಲ್ಲ. ಒಂದು ಕ್ಷಣ ಆ ಕೈ ನೋಡಿಕೊಂಡರು. ಆಮೇಲೆ ಇನ್ನೊಂದು ಕೈಯನ್ನೂ ನನ್ನ ಮುಂದೆ ಚಾಚಿದರು, ಗೆಣ್ಣು ಮೇಲೆ ಮಾಡಿ.

ಸೌಟು ಕೆಳಗಿಟ್ಟೆ. ಹಾಗೆ ಕೈ ಚಾಚುವುದನ್ನು ಅವರು ಎಲ್ಲಿ ಕಲಿತರು? ಅವರು ಓದಿದ್ದು ಊರ ಶಾಲೆಯಲ್ಲಿ, ನಾಲ್ಕೇ ಕ್ಲಾಸು. ಹಾಗೆ ಚಾಚಬೇಕೆಂಬ ರೂಲ್ ಇದ್ದದ್ದು ನಾನು ಓದಿದ ಕಾನ್ವೆಂಟಿನಲ್ಲಿ, ಸಿಕಂದರಾಬಾದಿನ ಕಡೆ. ಅಲ್ಲಿ ಕ್ಲಾಸಿಗೊಂದು ಹಿತ್ತಾಳೆ ಬಿಲ್ಲೆ ಇತ್ತು. ಕನ್ನಡವೋ ತೆಲುಗೋ ಆಡಿದವಳ ಕೈಗೆ ಅದು ಬರುತ್ತಿತ್ತು. ಅವಳು ಇನ್ನೊಬ್ಬಳನ್ನು ಹಿಡಿದು ದಾಟಿಸಬೇಕು. ಕೊನೆಯ ಬೆಲ್ ಹೊಡೆದಾಗ ಯಾರ ಕೈಯಲ್ಲಿದೆಯೋ ಅವಳಿಗೆ ಸ್ಕೇಲಿನ ಏಟು, ಮೊದಲು ಒಂದು ಕೈ, ಆಮೇಲೆ ಕೇಳದೆಯೇ ಇನ್ನೊಂದು. ಒಂದು ದಿನ ನಾನು ದಾಟಿಸಲಿಲ್ಲ. ಏಟು ತಿಂದೂ ಮುಷ್ಟಿ ಬಿಚ್ಚಲಿಲ್ಲ, ಕಳೆದುಹೋಯಿತು ಎಂದೆ. ರಜೆಗೆ ಲಿಂಗಸುಗೂರಿಗೆ ಬಂದಾಗ ಆ ಬಿಲ್ಲೆಯನ್ನು ನಮ್ಮ ಮನೆಯ ಬಾವಿಗೆ ಹಾಕಿದೆ. ಈ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೂ.

ಅಂದು ಸಂಜೆ ಶಶಿಯ ಮುಂದೆ ಕೂತು ಅತ್ತೆ. ಸೌಟಿನಿಂದ ಹೊಡೆದದ್ದನ್ನು ಹೇಳಿದೆ. ಇದು ಇನ್ನೊಂದು ಸಲ ಆದರೆ ದೊಡ್ಡಪ್ಪನನ್ನು ಮೇಲೆ ತನ್ನ ಹತ್ತಿರ ಕರೆದುಕೊಂಡು ಹೋಗುತ್ತೇನೆ, ನೀನು ಕೆಳಗೇ ಇರಬೇಕಾಗುತ್ತದೆ ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು. ಆಮೇಲೆ ತನ್ನ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟಳು. ಟ್ರೇನಿಂಗಿಗೆಂದು ಬಿಹೇವಿಯರಲ್ ಸೈಕಾಲಜಿಯ ಆನ್‌ಲೈನ್ ಕೋರ್ಸಿಗೆ ಸೇರಿ, ಮೂರು ಪಾಠಕ್ಕೆ ಬೇಜಾರಾಗಿ ಬಿಟ್ಟಿದ್ದಳಂತೆ. “ನೀನರ ಮುಗಸು ದೊಡ್ಡವ್ವ. ನಿನ್ನ ಇಂಗ್ಲಿಷಿಗೆ ಬರೋಬ್ಬರಿ ಆಕ್ಕತಿ,” ಎಂದಳು.

ನಾನು ಗುಡ್ ಸ್ಟುಡೆಂಟ್. ಕಾಪಿ ಪುಸ್ತಕಕ್ಕೆ ರಟ್ಟು ಹಾಕಿ, ಮಾರ್ಜಿನ್ ಗೆರೆ ಎಳೆದು, ನೋಟ್ಸ್ ಬರೆದೆ. ಮನಸ್ಸಿನೊಳಗೆ ಏನಿದೆ ಎಂದು ಅಗೆಯಲು ಹೋಗಬೇಡಿ, ಕಣ್ಣಿಗೆ ಕಾಣುವುದನ್ನು ಬರೆದಿಡಿ ಎಂದಳು ಪಾಠ ಹೇಳುವ ಹೆಂಗಸು. ಆ ಮಾತು ನನಗೆ ಹಿಡಿಸಿತು. ಸಿಟ್ಟಿಗೆ ಮುಂಚೆ ಏನಾಯಿತು, ನಾನೇನು ಮಾಡಿದೆ, ಆಮೇಲೆ ಏನಾಯಿತು ಎಂದು ಮೂರು ಕಾಲಮ್ಮು ಹಾಕಿ ಒಂದು ವಾರ ಬರೆದೆ. ನಾನು ಕೂಗುವುದು ಯಾವಾಗಲೂ ನನ್ನ ಕೈ ತುಂಬಿದ್ದಾಗ. ಹಿಟ್ಟು, ಸಾಬೂನು, ಪಾತ್ರೆ. ಕೈ ಬರಿದಾಗಿದ್ದಾಗ ಅದೇ ಪ್ರಶ್ನೆಗೆ ನಾನು ಸಮಾಧಾನದಿಂದ ಉತ್ತರ ಕೊಟ್ಟಿದ್ದೆ. ಮುಷ್ಟಿ ಹಿಡಿಯಲು ಜಾಗ ಸಿಗದಿದ್ದರೆ ಸಿಟ್ಟು ಬಾಯಿಗೆ ಬರುತ್ತಿತ್ತು ಅನ್ನಿಸಿತು.

ಕೆಟ್ಟ ಅಭ್ಯಾಸವನ್ನು ಬಿಡುತ್ತೇನೆ ಎಂದರೆ ಬಿಡುವುದಿಲ್ಲ, ಅದರ ಜಾಗದಲ್ಲಿ ಅದರ ಜೊತೆಗಿರಲಾರದ ಇನ್ನೊಂದನ್ನು ಕೂರಿಸಬೇಕು ಎಂದಿತು ಮುಂದಿನ ಪಾಠ. ನಾನು ನೀರನ್ನು ಹಿಡಿದೆ. ಅವರು ವೇಳೆ ಕೇಳಿದ ತಕ್ಷಣ ತಂಬಿಗೆಯಿಂದ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುವುದು, ನುಂಗದೆ ಹತ್ತು ಎಣಿಸುವುದು, ಆಮೇಲೆ ಉತ್ತರ. ಬಾಯಲ್ಲಿ ನೀರಿದ್ದಾಗ ಯಾರೂ ಕೂಗಲಾರರು. ಮೊದಲ ದಿನ ನನ್ನ ಉಬ್ಬಿದ ಕೆನ್ನೆ ನೋಡಿ ಅವರು ನಕ್ಕರು. “ಏನ್ ಟೀಚರಮ್ಮ, ಮಂಗ್ಯಾ ಆಗೀದಿ?” ಎಂದರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಶಶಿಗೂ ಈ ಉಪಾಯ ಹೇಳಿಕೊಟ್ಟೆ, ನಿನ್ನ ಕ್ಲಾಸಿನ ಹುಡುಗಿಯರ ಮುಂದೆ ಬೇಕಾದೀತು ಎಂದು.

ಇದಾದ ಮೇಲೆ ಬಂದದ್ದು ಟೋಕನ್ ಪಾಠ. ಒಳ್ಳೆಯ ನಡತೆಗೆ ತಕ್ಷಣ ಒಂದು ಬಿಲ್ಲೆ, ಬಿಲ್ಲೆಗಳು ಸೇರಿದರೆ ಒಂದು ಇನಾಮು. ಮಕ್ಕಳಿಗೆ ಮಾಡುವುದನ್ನು ತನಗೆ ತಾನೇ ಮಾಡಿಕೊಳ್ಳಬಹುದಂತೆ. ನಾನು ಎರಡನೇ ಯೋಚನೆ ಮಾಡಲಿಲ್ಲ. ಮಸ್ಕಿಗೆ ಹೋಗಿ ಮೌಲಾಸಾಬರಿಂದ ಏಳು ಹಿತ್ತಾಳೆ ಬಿಲ್ಲೆ ಮಾಡಿಸಿದೆ, ಒಂದರಿಂದ ಏಳು ನಂಬರು. ಬೆಳಗಿನ ಚಹದಿಂದ ದೀಪ ಹಚ್ಚುವ ತನಕ ದಿನವನ್ನು ಏಳು ಭಾಗ ಮಾಡಿದೆ. ಕೂಗದೆ ಕಳೆದ ಪ್ರತಿ ಭಾಗಕ್ಕೂ ಒಂದು ಬಿಲ್ಲೆ. ಏಳೂ ಸೇರಿದರೆ ಸಂಜೆ ನನಗೆ ಸಕ್ಕರೆ ಹಾಕಿದ ಕಾಫಿ. ಶಶಿ ಒಂದು ಹಲಗೆಗೆ ಏಳು ಮೊಳೆ ಹೊಡೆದು ನಡುಮನೆಯ ಗೋಡೆಗೆ, ಬುದ್ಧನ ಫೋಟೋದ ಕೆಳಗೆ ತೂಗುಹಾಕಿದಳು.

ಒಂದು ಆಯುಷ್ಯವಿಡೀ ಬಿಲ್ಲೆ ಹಲಗೆ ನೋಡಿದ ಮನುಷ್ಯ ಅದೇ ಕೋಣೆಯಲ್ಲಿ ಕೂತಿದ್ದಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲ ಸಂಜೆ ಹಲಗೆಯಲ್ಲಿ ಆರು ಬಿಲ್ಲೆ ಇದ್ದವು. ನಾಲ್ಕನೆಯ ಭಾಗದಲ್ಲಿ ನಾನು ಸೋತಿದ್ದೆ. ಆ ಬಿಲ್ಲೆ ನನ್ನ ಸೆರಗಿನ ಗಂಟಿನಲ್ಲಿತ್ತು. ತಟ್ಟೆ ತಂದಿಟ್ಟರೆ ಅವರು ಮುಟ್ಟಲಿಲ್ಲ. ಎದ್ದು ಹಲಗೆಯ ಮುಂದೆ ನಿಂತಿದ್ದರು. ಬೆನ್ನು ನೆಟ್ಟಗಾಗಿತ್ತು.

“ನಾಕನೇದು ಇನ್ನಾ ಮ್ಯಾಲ ಬಂದಿಲ್ಲ.”

ಅದು ಸುಮ್ಮನೆ ನನ್ನ ಆಟ, ಬಂದು ಉಣ್ಣಿ ಎಂದೆ. ಅವರು ತಲೆಯಾಡಿಸಿದರು. “ಮಂದಿ ತಳಗ ಇದ್ದಾಗ ನಾ ಹ್ಯಾಂಗ ಉಣ್ಣಲಿ?”

ಸರಿ ಎಂದು ಸೆರಗಿನಿಂದ ಬಿಲ್ಲೆ ಬಿಚ್ಚಿ ಮೊಳೆಗೆ ಹಾಕಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಶಕ್ತಿ ಆ ಕೈಯಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. “ಮಾರಿ ನೋಡ್ಲಾರದ ಬಿಲ್ಲಿ ಹಾಕಬಾರದು, ಟೀಚರಮ್ಮ.”

ಬಂದವನ ಮುಖ ನೋಡದೆ ಅವರು ಯಾವತ್ತೂ ಬಿಲ್ಲೆ ತೂಗುಹಾಕಿದವರಲ್ಲ. ಆಗ ನನಗೆ ತಿಳಿಯಿತು. ಯಾವುದೇ ನಡತೆಗೂ ಒಂದು ಕಾರಣವಿರುತ್ತದೆ, ಅದು ಏನನ್ನು ಬೇಡುತ್ತಿದೆ ನೋಡಿ ಎಂದು ಪಾಠದಲ್ಲಿ ಹೇಳಿದ್ದರು. ಅವರಿಗೆ ಬೇಕಾದದ್ದು ಗಂಟೆ ಅಲ್ಲ. ಪಾಳಿ ಮುಗಿಯಿತೇ, ಎಲ್ಲರೂ ಮೇಲೆ ಬಂದರೇ, ಅಷ್ಟು ಬೇಕಿತ್ತು. ಅಂದು ಅವರು ಉಣ್ಣದೇ ಮಲಗಿದರು. ನನ್ನ ಒಂದು ಕೂಗಿಗೆ ಒಬ್ಬ ಮನುಷ್ಯ ಉಪವಾಸ.

ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಸಿನಲ್ಲೂ ಇಲ್ಲ. ಮರುದಿನದಿಂದ ತಂಬಿಗೆ ನನ್ನ ಸೊಂಟದ ಪಕ್ಕವೇ ಇರುತ್ತಿತ್ತು. ಭತ್ತ ಮೊಣಕಾಲೆತ್ತರ ಬರುವಷ್ಟರಲ್ಲಿ ಹಲಗೆ ವಾರದಲ್ಲಿ ಮೂರು ದಿನ ತುಂಬುತ್ತಿತ್ತು. ಹಾಲುಗಾಳು ಕಟ್ಟುವಷ್ಟರಲ್ಲಿ ಐದು ದಿನ. ಉಳಿದ ರಾತ್ರಿಗಳಲ್ಲಿ ಅವರು ಬರೀ ಹಾಲು ಕುಡಿದು ಮಲಗುತ್ತಿದ್ದರು. ಪ್ರತಿ ಬಿಲ್ಲೆ ಹಾಕುವ ಮೊದಲು ನಾನು ಅವರ ಮುಂದೆ ನಿಲ್ಲಬೇಕು, ಅವರು ನನ್ನ ಮುಖ ನೋಡಬೇಕು. ಒಂದೊಂದು ನಂಬರಿಗೆ ಒಂದೊಂದು ಥರ ನೋಡುತ್ತಿದ್ದರು. ಮೂರನೆಯದಕ್ಕೆ ನಗುತ್ತಿದ್ದರು, ಐದನೆಯದಕ್ಕೆ ತೋಳು ತಟ್ಟುತ್ತಿದ್ದರು. ನನ್ನ ಮುಖದಲ್ಲಿ ಅವರು ಯಾರನ್ನು ನೋಡುತ್ತಿದ್ದರೋ. ಸಂಜೆ ಕನ್ನಡಿಯ ಮುಂದೆ ಹಾಯುವಾಗ ನಾನು ತಲೆ ತಗ್ಗಿಸಿ ಹೋಗಲು ಕಲಿತೆ.

ಹಿಂದಿನ ಗದ್ದೆಯ ಕನ್ನಡಿಯೂ ಅಷ್ಟೊತ್ತಿಗೆ ಮುಚ್ಚಿಹೋಗಿತ್ತು. ಹಸಿರಿನ ಅಡಿಯಲ್ಲಿ ನೀರಿದೆ ಎಂಬುದು ಗಾಳಿ ಬಿಟ್ಟಾಗ ಮಾತ್ರ ಮಿನುಗಿ ಗೊತ್ತಾಗುತ್ತಿತ್ತು.

ತೆನೆ ಬಾಗಿದ ಹೊತ್ತಿಗೆ ಹತ್ತು ದಿನ ಸತತವಾಗಿ ಏಳೂ ಬಿಲ್ಲೆ ತುಂಬಿದವು. ಹತ್ತನೆಯ ಸಂಜೆ ಕಾಫಿ ಲೋಟ ಹಿಡಿದು ಬಂದೆ, ಒಳಗೊಳಗೇ ಬೀಗುತ್ತಾ. ಅವರು ಹಲಗೆಯ ಮುಂದೆಯೇ ನಿಂತಿದ್ದರು.

“ಇನ್ನೊಬ್ರು ಉಳದಾರ,” ಎಂದರು.

ಏಳೂ ಇದೆ ನೋಡಿ ಎಂದು ಬೆರಳಿಟ್ಟು ಎಣಿಸಿ ತೋರಿಸಿದೆ.

“ಎಂಟನೇದು,” ಎಂದರು. ಬಾಗಿಲ ಕಡೆ ನೋಡಿದರು. ಅಲ್ಲಿ ಮಬ್ಬು ಬೆಳಕು ಮಾತ್ರ ಇತ್ತು. “ಸಣ್ಣ ಹುಡುಗಿ. ಎರಡ ಜಡಿ ಹಾಕ್ಯಾಳ. ಆಗಿಂದ ಕಿಟಕಿ ಮುಂದ ನಿಂತಾಳ, ಮುಷ್ಟಿ ಬಿಗಿ ಹಿಡದು. ಬಿಲ್ಲಿ ಕೊಡವಲ್ಲಳು.”

ಕಾಫಿ ಲೋಟ ಕೆಳಗಿಟ್ಟೆ. ಓಡಿ ಮೇಲೆ ಹೋಗಿ ಶಶಿಗೆ ಹೇಳಿದೆ, ಮೊದಲ ಸಲ ಆ ಕಾನ್ವೆಂಟಿನ ಕಥೆಯನ್ನೂ ಹೇಳಿದೆ. ಅವಳು ನನ್ನ ಬೆನ್ನು ಸವರಿ, ನಿನಗೆ ಸಿಟ್ಟು ಬಂದಾಗ ಮುಷ್ಟಿ ಹಿಡಿಯುತ್ತೀಯಲ್ಲ, ಅದನ್ನೇ ಕಂಡಿರಬೇಕು ಎಂದಳು. ಇರಬಹುದು. ಎರಡು ಜಡೆ ಯಾವ ಹುಡುಗಿಗಿಲ್ಲ? ನನ್ನ ಕೋರ್ಸಿನ ಹೆಂಗಸೂ ಅದನ್ನೇ ಅಂದಾಳು. ಆದರೆ ಅಂದಿನಿಂದ ನಮ್ಮವರು ಊಟ ಬಿಟ್ಟರು. ಒಂದು ದಿನ, ಎರಡು ದಿನ. ಹಾಲು ಕುಡಿಸಲು ಹೋದರೆ ತುಟಿ ಬಿಗಿ. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದರು. ಆ ವಯಸ್ಸಿನಲ್ಲಿ ಅಲ್ಲಿಗೆ ಹೋದರೆ ಅವರು ತಿರುಗಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಶಶಿಗೂ ಗೊತ್ತಿತ್ತು. ಅವರು ಮಾತ್ರ ಹಲಗೆಯ ಏಳು ಬಿಲ್ಲೆ ತೆಗೆಯಲೂ ಬಿಡದೆ ಬಾಗಿಲು ನೋಡುತ್ತಾ ಕೂತಿದ್ದರು. ಆಗಾಗ ಸಣ್ಣ ಮಕ್ಕಳನ್ನು ಕರೆಯುವಂತೆ ಕೈ ಮಾಡುತ್ತಿದ್ದರು.

ಮೂರನೆಯ ದಿನ ಬೆಳಗ್ಗೆ ಶಶಿಯನ್ನು ಅವರ ಪಕ್ಕ ಕೂರಿಸಿ ಮಸ್ಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಟಾವಿನ ಮಷಿನ್ನುಗಳು ಗದ್ದೆಗಿಳಿದಿದ್ದವು. ಭತ್ತದ ಸುಂಕಿನ ಧೂಳು ಗಾಳಿಯಲ್ಲಿ ಮಂಜಿನ ಹಾಗೆ ನಿಂತು ಮೈಯೆಲ್ಲಾ ತುರಿಸುತ್ತಿತ್ತು. ಮೌಲಾಸಾಬರು ಎಂಟು ಎಂದು ಕೊರೆದು ಕೊಟ್ಟರು. ಬಿಲ್ಲೆ ಇನ್ನೂ ಬಿಸಿ ಇತ್ತು. ಅಂಗೈಗೆ ಬಿದ್ದ ಕೂಡಲೇ ಬೆರಳು ಮುಚ್ಚಿಕೊಂಡವು. ಟಿಕೆಟ್ ತೆಗೆಸಲು ಎಡಗೈ ಬಳಸಿದೆ. ಸಿಂಧನೂರಿನಲ್ಲಿ ಇಳಿಯುವಾಗ ಕಂಬಿ ಹಿಡಿಯಲು ಬಲಗೈ ಬಿಚ್ಚಲು ನೋಡಿದೆ. ಬಿಚ್ಚಲಿಲ್ಲ. ಜೋಮು ಹಿಡಿದಿರಬೇಕು ಅಂದುಕೊಂಡೆ.

ಮನೆಗೆ ಬಂದಾಗ ಇಳಿಬಿಸಿಲು. ಅವರು ಕುರ್ಚಿಯನ್ನು ಹಲಗೆಯ ಪಕ್ಕಕ್ಕೆ ಎಳೆಸಿಕೊಂಡು ಕೂತಿದ್ದರು. ಶಶಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಹೋಗಿ ಅವರ ಮುಂದೆ ನಿಂತೆ.

“ನಂಬರ್?” ಎಂದರು.

“ಎಂಟು.”

“ಮಾರಿ ತೋರಸು.”

ಮುಖ ಎತ್ತಿದೆ. ಅವರು ನೋಡಿದರು. ಇಷ್ಟು ವರ್ಷದ ಹೆಂಡತಿಯನ್ನು ನೋಡಿದ ನೋಟ ಅದಲ್ಲ. ಅವರ ಕಣ್ಣು ನನ್ನ ಮುಖದ ಎತ್ತರದಲ್ಲಿ ಇರಲೂ ಇಲ್ಲ. ಅದಕ್ಕಿಂತ ತುಸು ಕೆಳಗೆ, ಒಂಬತ್ತೋ ಹತ್ತೋ ವರ್ಷದ ಹುಡುಗಿಯ ಮುಖ ಎಲ್ಲಿರುತ್ತದೋ ಅಲ್ಲಿತ್ತು.

“ಭಾಳ ಹೊತ್ತು ಮಾಡಿದಿ ತಂಗೀ,” ಎಂದರು. “ಯಾರೂ ಹೊಡ್ಯಂಗಿಲ್ಲ. ಕೊಡು.”

ಆಮೇಲೆ ನನ್ನ ಮುಷ್ಟಿಯನ್ನು ತಮ್ಮ ಎಡಗೈಯಲ್ಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿದರು. ಅಂಗೈಯಲ್ಲಿ ಬಿಲ್ಲೆಯ ಗುಂಡು ಗುರುತು ಕೆಂಪಗೆ ಮೂಡಿತ್ತು. ಅವರು ಅದರ ಮೇಲೊಮ್ಮೆ ಬೆರಳಾಡಿಸಿದರು. ಎದ್ದು, ಏಳನೆಯದರ ಪಕ್ಕದ ಮೊಳೆಗೆ ಎಂಟನೆಯದನ್ನು ಹಾಕಿದರು. “ಎಲ್ಲಾರೂ ಬಂದ್ರು. ನಡಿ ಟೀಚರಮ್ಮ, ಇನ್ನ ಉಣ್ಣೂಣು,” ಎಂದರು. ಬಿಸಿ ಅನ್ನ, ಸಾರು. ಎರಡು ಸಲ ಬಡಿಸಿಕೊಂಡು ಉಂಡರು.

ಅವರು ಮಲಗಿದ ಮೇಲೆ ಶಶಿ ಹಲಗೆಯ ಹತ್ತಿರ ಹೋಗಿ ನಿಂತಳು. “ದೊಡ್ಡವ್ವ, ನಾ ಏಳೇ ಮೊಳಿ ಹೊಡದಿದ್ದೆ,” ಎಂದಳು. ನಾನು ನೋಡಿದೆ. ಎಂಟನೆಯ ಮೊಳೆ ಹೊಸದಲ್ಲ. ತುಕ್ಕು ಹಿಡಿದು, ತಲೆ ಸವೆದು, ಎಷ್ಟೋ ಕಾಲದಿಂದ ಅಲ್ಲೇ ಇದ್ದ ಹಾಗಿತ್ತು.

ಆ ದಿನದಿಂದ ಅವರು ವೇಳೆ ಕೇಳಲಿಲ್ಲ. ನಾನೂ ಕೂಗಲಿಲ್ಲ. ಎಣಿಸಿ ಬರೆದಿಡುವಂಥದ್ದೂ ಏನೂ ಉಳಿಯಲಿಲ್ಲ, ಕಾಪಿ ಪುಸ್ತಕದ ಕೊನೆಯ ಪುಟಗಳು ಖಾಲಿ ಬಿದ್ದವು. ಕಾಲುವೆಯ ನೀರು ನಿಂತು, ಗದ್ದೆಯ ನೆಲ ಬಿರುಕು ಬಿಟ್ಟ ದಿನಗಳಲ್ಲಿ ಒಂದು ರಾತ್ರಿ, ಉಂಡು ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಹಲಗೆ ತುಂಬಿತ್ತು.

ಮೂರು ವರ್ಷವಾಯಿತು. ಈಗ ನಾನು ಕೂಗಾಡಲು ಎದುರಿಗೆ ಯಾರೂ ಇಲ್ಲ, ಆದರೂ ದಿನವೂ ಬಿಲ್ಲೆ ತೆಗೆಯುತ್ತೇನೆ, ಹಾಕುತ್ತೇನೆ. ಇನಾಮಿಲ್ಲದ ಅಭ್ಯಾಸ ತಾನಾಗಿ ಸಾಯುತ್ತದೆ ಎಂದು ಕೋರ್ಸಿನಲ್ಲಿತ್ತು. ನನ್ನದು ಸತ್ತಿಲ್ಲ. ಹಾಕುತ್ತಾ ಹಾಕುತ್ತಾ ಒಂದು ದಿನ ಹೊಳೆಯಿತು, ಇಳಿಯುವವರಿಗೆಲ್ಲ ಒಂದೊಂದು ನಂಬರು ಇತ್ತು, ಕಿಟಕಿಯ ಹಿಂದೆ ಕೂತವರಿಗೆ ಇರಲಿಲ್ಲ. ಅವರನ್ನೀಗ ಮಣ್ಣಿಗಿಳಿಸಿ ಬಂದಿದ್ದೇವೆ. ಅವರ ಕೈಯಲ್ಲಿ ಬಿಲ್ಲೆಯೇ ಇಲ್ಲದಿದ್ದರೆ ಕೆಳಗಿದ್ದಾರೆಂದು ಮೇಲಿನವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹೋದ ವಾರ ಮಸ್ಕಿಗೆ ಹೋದದ್ದು.

ಒಂಬತ್ತನೆಯದನ್ನು ಇನ್ನೂ ಹಾಕಿಲ್ಲ. ಮುಖ ನೋಡದೆ ಹಾಕಬಾರದು. ಅಲ್ಲಿಯವರೆಗೆ ಜೋಪಾನವಾಗಿರಲೆಂದು ಇಂದು ಸಂಜೆ ಟ್ರಂಕಿನಿಂದ ಅವರ ಹಳೇ ಬುತ್ತಿ ಡಬ್ಬಿ ತೆಗೆದೆ. ಮುಚ್ಚಳ ತೆಗೆದರೆ ಒಳಗೆ ಆಗಲೇ ಮೂರು ಬಿಲ್ಲೆಗಳಿದ್ದವು. ಮೂರರ ಮೇಲೂ ಮೌಲಾಸಾಬರ ಕೈಬರಹದಲ್ಲೇ ಒಂಬತ್ತು.

ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ಕೂತೆ. ಶಶಿ ಊಟಕ್ಕೆ ಕರೆಯಲು ಇಳಿದು ಬಂದಳು. “ಯಾಳೆ ಎಷ್ಟಾತು ಶಶಿ?” ಎಂದೆ. ಅವಳು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲೊಂದು ತಂಬಿಗೆ ಇತ್ತು. ಎರಡೂ ಕೆನ್ನೆ ಉಬ್ಬಿದ್ದವು.

ಅವಳು ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಆ ಉಪಾಯ ಹೇಳಿಕೊಟ್ಟವಳೇ ನಾನು. ಹತ್ತರವರೆಗೆ ನಾನೂ ಅವಳ ಜೊತೆ ಮನಸ್ಸಿನಲ್ಲೇ ಎಣಿಸಿದೆ. ಆಮೇಲೆ ಅವಳು ನೀರು ನುಂಗಿ, ಹತ್ತಿರ ಬಂದು ಕೂತು, ಮೆಲ್ಲಗೆ ಹೇಳಿದಳು, “ಏಳು ಗಂಟಿ ಆತು, ದೊಡ್ಡವ್ವ.”